ನಾರು ತೆಗೆಯುವ ಕೈ

ನಮ್ಮ ಮನೆಯಲ್ಲಿ ಅಜ್ಜಿಯ ಅಪ್ಪಣೆ ಇಲ್ಲದೆ ಯಾರಿಗೂ ಜ್ವರ ಬರುವಂತಿರಲಿಲ್ಲ. ಮಸ್ಕಿಯ ಆ ಮಣ್ಣುಮಾಳಿಗೆಯ ಮನೆಯಲ್ಲಿ ಬೆಳಗಾದರೆ ಸಾಕು, ನಾನೂ ನೀಲಕ್ಕನೂ ಪಡಸಾಲೆಯಲ್ಲಿ ಅವಳೆದುರು ನಿಲ್ಲಬೇಕು, ನಾಲಗೆ ಚಾಚಬೇಕು. ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು, ಹೊಟ್ಟೆಯ ಮೇಲೆ ಬೆರಳಿನಿಂದ ಬಾರಿಸುತ್ತಿದ್ದಳು, ಆಮೇಲೆ ಓಣಿಗೆಲ್ಲ ಕೇಳುವಂತೆ ಹೊರಕಡೆಗೆ ಹೋಗಿಬಂದಿರೋ ಇಲ್ಲವೋ ಎಂಬ ವಿಚಾರಣೆ. ನಾಚಿಕೆಯಿಂದ ನನ್ನ ಜೀವ ಹೋಗುತ್ತಿತ್ತು. ನೆಗಡಿಯಾದರೆ ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಕಾವು, ಕಿವಿ ನೋವಿಗೆ ಬಳ್ಳೊಳ್ಳಿ ಕಾಸಿದ ಎಣ್ಣೆ, ತಲೆನೋವಿಗೆ ಒಣಶುಂಠಿ ತೇಯ್ದು ಹಣೆಗೆ ಪಟ್ಟು. ಅಮಾವಾಸ್ಯೆ ಬಂತೆಂದರೆ ಮನೆಮಂದಿಗೆಲ್ಲ ಬಿಸಿ ಚಹಾದಲ್ಲಿ ಔಡಲೆಣ್ಣೆ. ಅಪ್ಪನಂಥ ಅಪ್ಪ, ಹೊಲದಲ್ಲಿ ಆಳುಗಳನ್ನು ಗದರಿಸುವ ಗಂಡಸು, ತಾಯಿಯ ಮುಂದೆ ಮೂಗು ಹಿಡಿದುಕೊಂಡು ಆ ಲೋಟ ಎತ್ತುತ್ತಿದ್ದ. ಅವತ್ತು ಮಧ್ಯಾಹ್ನ ನುಚ್ಚು, ಮಜ್ಜಿಗೆ ಬಿಟ್ಟರೆ ಬೇರೇನೂ ಇಲ್ಲ. ಏನೇ ಕೊಟ್ಟರೂ ಕೊನೆಗೆ ಹಣೆಗೆ ವಿಭೂತಿ ಹಚ್ಚಿ, ಶಿವನ ಹೆಸರು ಹೇಳಿ, ಬೆನ್ನಿಗೊಂದು ಗುದ್ದು ಕೊಟ್ಟು ಕಳಿಸುತ್ತಿದ್ದಳು. ಗುದ್ದು ಬಿದ್ದ ಮೇಲೂ ಹುಷಾರಿಲ್ಲ ಎನ್ನುವವರನ್ನು ಅವಳು ಕಳ್ಳರೆಂದೇ ತಿಳಿಯುತ್ತಿದ್ದಳು.

ಆದರೆ ಸುತ್ತಿನ ಊರುಗಳಲ್ಲಿ ಅಜ್ಜಿಗೆ ಹೆಸರಿದ್ದದ್ದು ಔಡಲೆಣ್ಣೆಯಿಂದಲ್ಲ, ನಾರಿನಿಂದ. ಈಗಿನ ಮಕ್ಕಳಿಗೆ ನಾರು ಹುಣ್ಣು ಎಂದರೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಬೇಸಿಗೆಯಲ್ಲಿ ಕಾಲಿನ ಮೇಲೆ ಒಂದು ಗುಳ್ಳೆ ಏಳುತ್ತಿತ್ತು. ಕೆಂಡ ಇಟ್ಟ ಹಾಗೆ ಉರಿ. ಗುಳ್ಳೆ ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತಿತ್ತು, ಮೊಳಕ್ಕಿಂತ ಉದ್ದದ ಹುಳ. ನಮ್ಮ ಹಿತ್ತಿಲಲ್ಲಿ ಕಲ್ಲಿನ ಬಾವಿ ಇತ್ತು. ನೀರಿನವರೆಗೂ ಇಳಿದುಹೋಗುವ ಪಾವಟಿಗೆಗಳ ಬಾವಿ. ನಾರು ಎದ್ದವರನ್ನು ಅಜ್ಜಿ ಕೊನೆಯ ಪಾವಟಿಗೆಯ ಮೇಲೆ ಕೂಡ್ರಿಸಿ, ಕಾಲನ್ನು ನೀರಿನಲ್ಲಿ ಇಡಿಸುತ್ತಿದ್ದಳು. ತಣ್ಣೀರು ತಾಗಿದರೆ ಉರಿ ಇಳಿಯುತ್ತಿತ್ತು, ಹುಳ ತಾನಾಗಿ ಹೊರಬರುತ್ತಿತ್ತು. ಅದರ ತುದಿಯನ್ನು ಬೇವಿನ ಕಡ್ಡಿಗೆ ಸುತ್ತಿ, ಬಂದಷ್ಟು ಸುತ್ತಿ, ಮೇಲೆ ಎಣ್ಣೆಯ ಅರಿವೆ ಕಟ್ಟಿ ಕಳಿಸುತ್ತಿದ್ದಳು. ಮರುದಿನ ಮತ್ತೆ ನೀರು, ಮತ್ತೆ ಇಷ್ಟು. ಜಗ್ಗಿದರೆ ಹರಿಯುತ್ತದೆ, ಹರಿದರೆ ಒಳಗೆ ಉಳಿದದ್ದು ಕೊಳೆತು ಕಾಲನ್ನೇ ತಿನ್ನುತ್ತದೆ. ಅಜ್ಜಿಯ ಕೈಯಲ್ಲಿ ಒಂದೂ ಹರಿದದ್ದಿಲ್ಲ ಎಂಬುದು ಪ್ರಸಿದ್ಧಿ. ಗುರುಗುಂಟಾದಿಂದ, ಮುಕ್ಕುಂದದಿಂದ ಗಾಡಿ ಹೂಡಿಕೊಂಡು ಬರುತ್ತಿದ್ದರು. ಅವರು ಒಂದು ಮೂಲೆಯಲ್ಲಿ ಕಾಲಿಟ್ಟು ಕೂತಿರುವಾಗ ಇನ್ನೊಂದು ಮೂಲೆಯಲ್ಲಿ ನಮ್ಮ ಅವ್ವ ಕೊಡ ಅದ್ದಿ ನೀರು ತುಂಬಿಕೊಳ್ಳುತ್ತಿದ್ದಳು. ಯಾರಿಗೂ ಅದರಲ್ಲಿ ಏನೂ ತಪ್ಪು ಕಾಣಿಸಲಿಲ್ಲ. ಕುಡಿಯಲು, ಅಡುಗೆಗೆ, ದೇವರ ಜಗಲಿಗೆ ಅದೇ ನೀರು. ನಮ್ಮ ಮನೆಯಲ್ಲೂ ಪ್ರತಿ ಬೇಸಿಗೆಗೆ ಒಬ್ಬರಿಗಾದರೂ ನಾರು ಏಳುತ್ತಿತ್ತು. ಅಜ್ಜಿ ಅದಕ್ಕೂ ಕಾರಣ ಕಂಡುಹಿಡಿದಿದ್ದಳು.

"ಸೆಕಿಗೆ ಒಳಗಿನ ನರ ಕೊಳೀತೈತಿ, ಅದ ಹೊರಗ ಬರ್ತೈತಿ. ಬಂದ್ರ ಚಲೋನ ಆತು ತಗೀರಿ, ಮೈ ಹಗುರಾಕ್ಕೈತಿ."

ನಾವು ನಂಬಿದ್ದೆವು. ನಂಬದೆ ಏನು ಮಾಡುವುದು, ಕಣ್ಣೆದುರಿಗೇ ಕುಂಟುತ್ತ ಬಂದವರು ನಡೆದುಕೊಂಡು ಹೋಗುತ್ತಿದ್ದರಲ್ಲ!

ರಜಾಕಾರರ ಗಲಾಟೆ ಅಡಗಿ, ಊರು ಬಿಟ್ಟು ಹೋದವರೆಲ್ಲ ತಿರುಗಿ ಬಂದು, ಜನ ಕದ ತೆರೆದಿಟ್ಟು ಮಲಗಲು ಶುರುಮಾಡಿದ್ದ ಕಾಲ ಅದು. ಇನ್ನು ಹೆದರುವುದು ಏನೂ ಇಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ನೀಲಕ್ಕ ನನಗಿಂತ ಸ್ವಲ್ಪ ದೊಡ್ಡವಳು, ಕಾಲಲ್ಲಿ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹುಡುಗಿ. ಮಾಳಿಗೆಯಿಂದ ಮಾಳಿಗೆಗೆ ಹಾರಿ ಓಣಿ ದಾಟುತ್ತಿದ್ದಳು, ಬೇವಿನ ಗಿಡದ ತುದಿಗೆ ಹತ್ತುತ್ತಿದ್ದಳು. 'ಹೆಣ್ಣೇನ್ ಬೇ ನೀ, ಮಂಗ್ಯಾ' ಎಂದು ಅಜ್ಜಿ ಬೈಯುತ್ತಿದ್ದಳು, ಬೈಯುತ್ತಲೇ ನಗುತ್ತಿದ್ದಳು. ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳು ಕೊಡ ಹೊತ್ತು ಪಾವಟಿಗೆ ಏರುವಾಗ ನಡುವೆ ನಿಂತಳು. ಕೊಡ ಇಳಿಸಿ, ಲಂಗ ಎತ್ತಿ, ಮೊಣಕಾಲಿನ ಹಿಂಭಾಗ ಕೆರೆದುಕೊಂಡಳು. ಸಂಜೆಗೆ ಅಲ್ಲಿ ಗುಳ್ಳೆ ಎದ್ದಿತ್ತು. ಅಜ್ಜಿ ಅವಳನ್ನು ಬೋರಲು ಮಲಗಿಸಿ ಗುಳ್ಳೆಯ ಸುತ್ತ ಬೆರಳಾಡಿಸಿದಳು. ಬೈಯಲಿಲ್ಲ, ನಗಲಿಲ್ಲ, ಬೆನ್ನಿಗೆ ಗುದ್ದಲಿಲ್ಲ. ಆ ಬೆರಳು ಗುಳ್ಳೆಯಿಂದ ಕೀಲಿನ ಕಡೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು.

"ಕೀಲಿನ್ಯಾಗ ಸುತಗೊಂಡೈತಿ," ಎಂದಳು ಅವ್ವನಿಗೆ, ನಮಗೆ ಕೇಳಿಸಬಾರದೆಂದು ದನಿ ತಗ್ಗಿಸಿ.

ದಿನಾ ಮುಂಜಾನೆ ಅಕ್ಕ ಬಾವಿಯಲ್ಲಿ ಕಾಲಿಟ್ಟು ಕೂತಳು. ಅಜ್ಜಿ ಕಡ್ಡಿ ಹಿಡಿದು ಅವಳ ಹಿಂದೆ. ಹುಳ ಬರುತ್ತಿತ್ತು, ಆದರೆ ಜಿಪುಣತನದಿಂದ ಬರುತ್ತಿತ್ತು, ಒಂದೊಂದು ದಿನ ಅರ್ಧ ಬೆರಳೂ ಇಲ್ಲ. ಬೇರೆಯವರ ಕಾಲಾಗಿದ್ದರೆ ಅಜ್ಜಿ ತಿಂಗಳುಗಟ್ಟಲೆ ಕಾಯುತ್ತಿದ್ದಳು. ಇದು ತನ್ನ ಮೊಮ್ಮಗಳ ಕಾಲು. ಒಂದು ದಿನ ಬಂದಷ್ಟನ್ನು ಸುತ್ತಿ ಸುಮ್ಮನಾಗಬೇಕಾದವಳು ಕಡ್ಡಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು. ಬೇಗ ಮುಗಿಯಲಿ ಎಂಬ ಆಸೆ, ಮತ್ತೇನಲ್ಲ. ಸದ್ದೇನೂ ಆಗಲಿಲ್ಲ. ಕಡ್ಡಿ ಸಡಿಲವಾಗಿ ಅಜ್ಜಿಯ ಕೈಗೆ ಬಂತು, ಅದರ ತುದಿಯಲ್ಲಿ ತುಂಡು ದಾರ ಜೋತಾಡುತ್ತಿತ್ತು.

"ಹರೀತೇನ್ ಅಜ್ಜಿ?" ಎಂದಳು ಅಕ್ಕ, ಹಿಂತಿರುಗಿ ನೋಡದೆ.

"ಇಲ್ಲ ಬೇ. ಪೂರಾ ಬಂತು," ಎಂದಳು ಅಜ್ಜಿ.

ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂರು ಸಂಜೆ ಕಳೆಯುವುದರೊಳಗೆ ಮೊಣಕಾಲು ಕೊಡದ ಗಾತ್ರಕ್ಕೆ ಊದಿತು. ಅಗಸೆಬೀಜ ಬೇಯಿಸಿ ಕಟ್ಟಿದಳು, ಉಳ್ಳಾಗಡ್ಡಿ ಸುಟ್ಟು ಕಟ್ಟಿದಳು, ಅರಿಶಿನ, ಸುಣ್ಣ, ಬೇವು, ಯಾವುದನ್ನೂ ಬಿಡಲಿಲ್ಲ. ಅಕ್ಕ ಮೈ ಸುಡುತ್ತ, ಕಾಲು ಮಡಚಿಕೊಂಡು, ಯಾರಾದರೂ ಹಾಸಿಗೆಯ ಹತ್ತಿರ ನಡೆದರೂ ಚೀರುತ್ತಿದ್ದಳು. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತು, ಅವ್ವ ಜೋಳದ ಅಂಬಲಿ ಕಾಯಿಸಿಟ್ಟು ಅಕ್ಕನ ಪಕ್ಕ ಕೂತುಬಿಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರಾಡದವಳು ನಮ್ಮ ಅವ್ವ. ಅಜ್ಜಿ ಇನ್ನೊಂದು ಪಟ್ಟು ಹಾಕಲು ಬಂದಾಗ ಅವಳು ಕಾಲಿಗೆ ಅಡ್ಡ ಕೂತಳು.

"ಸಾಕ್ರಿ ಅತ್ತಿ. ಕಾಲು ಹೋಗಾಕತ್ತೈತಿ ನನ್ನ ಮಗಳದು. ಗಾಡಿ ಹೂಡಸ್ರಿ, ಲಿಂಗಸೂಗೂರು ದವಾಖಾನಿಗಿ ಒಯ್ಯೋಣು. ಇಲ್ಲಂದ್ರ ನಾನ ಹೊತ್ಕೊಂಡು ಹೊಂಡ್ತೀನಿ."

"ದವಾಖಾನ್ಯಾಗ ಕಾಲು ಕಡದು ಕಳಸ್ತಾರ, ಗೊತ್ತೈತೇನು?"

"ಕಡೀಲಿ. ಹುಡಿಗಿ ಉಳೀತಾಳಲ್ಲ!"

ಅಜ್ಜಿ ಪಟ್ಟಿನ ಬಟ್ಟಲನ್ನು ನೆಲದ ಮೇಲಿಟ್ಟು ದೇವರ ಜಗಲಿಯ ಮುಂದೆ ಹೋಗಿ ಕೂತಳು. ಅಪ್ಪ ಗಾಡಿ ಹೂಡಿದ.

ಅಕ್ಕ ನನ್ನ ಕೈ ಬಿಡಲಿಲ್ಲವಾದ್ದರಿಂದ ನಾನೂ ಗಾಡಿಯಲ್ಲಿ ಹೋದೆ. ದಾರಿಯುದ್ದ ಕರಿನೆಲ ಬಿರಿದು ಬಾಯ್ದೆರೆದಿತ್ತು, ಗಾಡಿ ಒಂದು ಕಲ್ಲು ಹತ್ತಿಳಿದರೆ ಅಕ್ಕ ನನ್ನ ಬೆರಳು ಮುರಿಯುವ ಹಾಗೆ ಹಿಂಡುತ್ತಿದ್ದಳು. ದವಾಖಾನೆಯ ಡಾಕ್ಟರು ಹೈದರಾಬಾದಿನ ಕಡೆಯವರು, ವಯಸ್ಸಾದವರು. ಕೀವು ತೆಗೆದರು, ಸೂಜಿ ಚುಚ್ಚಿದರು. ಕಾಲು ಕಡಿಯುವ ಮಾತಾಡಲಿಲ್ಲ. ಆದರೆ ಕೀಲು ಹಿಡಿದುಕೊಂಡಿದೆ, ಎಣ್ಣೆ ಹಚ್ಚಿ ದಿನಾ ಚಾಚಿಸಬೇಕು, ಅತ್ತರೂ ಬಿಡಬಾರದು, ಹಾಗೆ ಮಾಡಿದರೆ ನಡೆದರೂ ನಡೆಯಬಹುದು ಎಂದರು. 'ನಡೆದರೂ' ಎಂಬ ಮಾತು ಕೇಳಿ ಅಪ್ಪನ ಮುಖ ಕಪ್ಪಿಟ್ಟಿತು. ಕೈ ತೊಳೆಯುತ್ತ ಡಾಕ್ಟರು ಕೇಳಿದರು:

"ಕುಡಿಯೋ ನೀರು ಎಲ್ಲೀದು?"

"ನಮ್ಮದ ಬಾವಿ ಐತ್ರೀ ಸಾಹೇಬ್ರ. ಪಾವಟಿಗಿ ಬಾವಿ," ಎಂದ ಅಪ್ಪ, ಸ್ವಲ್ಪ ಹೆಮ್ಮೆಯಿಂದಲೇ. "ನಮ್ಮವ್ವ ಅಲ್ಲೇ ಮಂದಿಗಿ ನಾರು ತಗೀತಾಳ್ರೀ. ಸುತ್ತ ಹಳ್ಳ್ಯಾಗೆಲ್ಲ ಹೆಸರೈತಿ."

"ಬಾವಿಯೊಳಗ? ಕಾಲು ನೀರಾಗ ಇಡಿಸಿ?"

"ಹೌದ್ರಿ. ನೀರಿಗೇ ಅದು ಹೊರಗ ಬರ್ತೈತಿ."

ಡಾಕ್ಟರು ಬೈಯಲಿಲ್ಲ. ಕುರ್ಚಿ ಎಳೆದು ಅಪ್ಪನ ಎದುರಿಗೆ ಕೂತು, ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. ಹುಳ ನೀರಿಗೆ ಬರುವುದು ಮರಿ ಬಿಡಲಿಕ್ಕೆ. ಕಣ್ಣಿಗೆ ಕಾಣದ ಮರಿ, ಕಣ್ಣಿಗೆ ಕಾಣದಂಥ ನೀರುಹುಳದ ಹೊಟ್ಟೆ ಸೇರುತ್ತದೆ. ಆ ನೀರನ್ನು ಕುಡಿದರೆ ನಮ್ಮ ಹೊಟ್ಟೆ ಸೇರುತ್ತದೆ. ಒಳಗೆ ಒಂದು ವರ್ಷ ಸದ್ದಿಲ್ಲದೆ ಬೆಳೆದು, ಬರುವ ಬೇಸಿಗೆಗೆ ಕಾಲಿನಿಂದ ತಲೆ ಹಾಕುತ್ತದೆ. ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ನಾರಿದ್ದವರ ಕಾಲು ನೀರಿಗೆ ತಾಗದಂತೆ ನೋಡಿರಿ, ಇಷ್ಟೇ ಮದ್ದು ಎಂದರು. ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದ.

"ಈಗಾಗಲೇ ಕುಡದದ್ದು?"

"ಅದು ಒಳಗೇ ಐತಿ. ಬರೋ ವರ್ಷ ಗೊತ್ತಾಗ್ತದ."

ತಿರುಗಿ ಬರುವಾಗ ಅಪ್ಪ ಗಾಡಿ ನಿಲ್ಲಿಸಿ, ಮನೆಯಿಂದ ತಂದಿದ್ದ ತತ್ರಾಣಿಯ ನೀರನ್ನೆಲ್ಲ ರಸ್ತೆಗೆ ಸುರಿದ. ನಮಗೆ ಬಾಯಾರಿತ್ತು. ಬಿರಿದ ನೆಲ ಅದನ್ನು ಒಂದೇ ಗುಟುಕಿಗೆ ಕುಡಿಯಿತು. ಅಜ್ಜಿಯ ಮುಂದೆ ಉಸಿರು ಬಿಡಬೇಡಿರೆಂದು ನಮ್ಮಿಬ್ಬರಿಂದ ಆಣೆ ಹಾಕಿಸಿಕೊಂಡ. ನಾನು ಗಾಡಿಯಲ್ಲಿ ಕೂತು ನನ್ನ ಕಾಲುಗಳನ್ನೇ ನೋಡುತ್ತಿದ್ದೆ. ಅವು ನನ್ನವೇ ಅಲ್ಲವೆನಿಸಿತು, ಯಾರನ್ನೋ ಒಳಗೆ ಇಟ್ಟುಕೊಂಡು ಸುಮ್ಮನಿವೆ ಎನಿಸಿತು. ಇವತ್ತಿಗೂ ಯಾರ ಮನೆಯಲ್ಲಿ ನೀರು ಕೊಟ್ಟರೂ ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವುದು. ಸೊಸೆಯಂದಿರಿಗೆ ಇದು ನಗೆ, ನಗಲಿ ಬಿಡಿ.

ಅವ್ವನಿಗೆ ಮಾತ್ರ ಅಪ್ಪ ಗುಟ್ಟಾಗಿ ಹೇಳಿದ. ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಅಪ್ಪನ ಹಳೆಯ ಧೋತರವನ್ನು ಮಡಚಿ ಕೊಡದ ಬಾಯಿಗೆ ಕಟ್ಟಿ ಅವ್ವ ನೀರು ಸೋಸತೊಡಗಿದಳು. ಕೇಳಿದರೆ, ಧೂಳು ಬೀಳುತ್ತದೆ ಎಂದಳು. ಅಪ್ಪ ಜಾಲಿಮುಳ್ಳು ತಂದು ಪಾವಟಿಗೆಗೆ ಅಡ್ಡ ಬಡಿದ, ಹಗ್ಗ ಬಿಟ್ಟು ಮೇಲಿನಿಂದಲೇ ನೀರು ಸೇದಬೇಕೆಂದ. ಕೇಳಿದರೆ, ಬಾವಿಯಲ್ಲಿ ಹಾವು ಕಂಡೆನೆಂದ. ಅಜ್ಜಿ ದಡ್ಡಿಯೇ? ತನ್ನ ಬಾವಿಗೆ ಏನೋ ಕೆಟ್ಟ ಹೆಸರು ಬಂದಿದೆ ಎಂದು ಅವಳಿಗೆ ಗೊತ್ತಾಯಿತು, ಏನೆಂದು ಮಾತ್ರ ಗೊತ್ತಾಗಲಿಲ್ಲ. ಹಠಕ್ಕೆ ಬಿದ್ದು, ಸೋಸದ ನೀರನ್ನೇ ತನ್ನ ಚರಿಗೆಗೆ ತುಂಬಿಸಿಕೊಂಡು, ಪಡಸಾಲೆಯ ನಡುವೆ ನಿಂತು, ನಮ್ಮೆಲ್ಲರ ಮುಖ ನೋಡುತ್ತ ಗಟಗಟ ಕುಡಿಯುತ್ತಿದ್ದಳು.

"ನನ್ನ ಮಾವ ತೋಡಿಸಿದ ಬಾವಿ. ಇದರ ನೀರು ಕುಡದ ಈ ಮನಿ ಇಷ್ಟುದ್ದ ಬೆಳದೈತಿ."

ಅಪ್ಪ ಬೇರೆ ಕಡೆ ನೋಡುತ್ತಿದ್ದ. ಅವ್ವ ಒಲೆ ಊದುತ್ತಿದ್ದಳು. ಅಜ್ಜಿಯ ಗಂಟಲು ಏರಿಳಿಯುವುದನ್ನು ನೋಡಲಾಗದೆ ನಾನು ಎದ್ದು ಹೋಗುತ್ತಿದ್ದೆ.

ಅಕ್ಕ ಹೊಸಿಲು ದಾಟಲಿಲ್ಲ. ಓಣಿಯ ಹುಡುಗಿಯರು ಕರೆಯಲು ಬಂದರೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ಕುಂಟಿ ಎಂದಾರು ಎಂಬ ಹೆದರಿಕೆ. ದಿನಾ ಎರಡು ಹೊತ್ತು ಅಜ್ಜಿ ಬಿಸಿ ಎಣ್ಣೆ ಹಚ್ಚಿ ಆ ಮೊಣಕಾಲನ್ನು ಇಷ್ಟಿಷ್ಟೇ ಚಾಚಿಸುತ್ತಿದ್ದಳು. ಅಕ್ಕ ಅರಿವೆ ಕಚ್ಚಿಕೊಂಡು ಅಳುತ್ತಿದ್ದಳು, ಅಜ್ಜಿಯೂ ಅಳುತ್ತಿದ್ದಳು, ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ. ಕಾಲು ಪೂರ್ತಿ ನೆಟ್ಟಗಾಗಲಿಲ್ಲ, ಆದರೂ ಬೆರಳ ತುದಿ ನೆಲಕ್ಕೆ ತಾಗುವಷ್ಟಾಯಿತು. ಗೋಡೆ ಹಿಡಿದು ನಿಲ್ಲು ಎಂದರೆ ನಿಲ್ಲುತ್ತಿದ್ದಳು. ನಡೆ ಎಂದರೆ ಕೂತುಬಿಡುತ್ತಿದ್ದಳು.

ಮಳೆ ಇನ್ನೂ ಬಿದ್ದಿರಲಿಲ್ಲ. ಅಜ್ಜಿ ಅಕ್ಕನ ಕಾಲು ತಿಕ್ಕುತ್ತಿದ್ದಾಗ ತಲಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಗುರುಗುಂಟಾದವನಂತೆ, ಕೋಲೂರಿಕೊಂಡು ಬಂದಿದ್ದ, ಹಿಮ್ಮಡಿಗೆ ಕಟ್ಟಿದ ಅರಿವೆ ಒದ್ದೆಯಾಗಿತ್ತು.

"ಅಮ್ಮಾರ, ನಾರು ಎದ್ದೈತ್ರಿ. ಉರೀತೈತ್ರಿ, ಜೀವ ಹೊಂಟೈತಿ. ನಿಮ್ಮ ಕೈಗುಣ ಕೇಳಿ ಬಂದೀನಿ."

ಅಜ್ಜಿಯ ಮುಖ ಎಷ್ಟೋ ದಿನದ ಮೇಲೆ ಅರಳಿತು. ಕೈ ಒರೆಸಿಕೊಂಡು, ಬಾವಿಯ ಮುಳ್ಳು ಸರಿಸಿರಿ ಎನ್ನುತ್ತ ಎದ್ದಳು. ಅಕ್ಕ ಅವಳ ಸೆರಗು ಹಿಡಿದಳು.

"ಹೋಗಬ್ಯಾಡ ಅಜ್ಜಿ. ನನ್ನ ಕಾಲಾಗಿದ್ದದ್ದು ಇಂಥಾವ್ರ ಕಾಲಾಗಿಂದ ಬಂದದ್ದು. ಅದು ನಮ್ಮ ಬಾವ್ಯಾಗ ಮರಿ ಹಾಕೈತಿ, ನಾವು ಕುಡದೀವಿ. ಡಾಕ್ಟರ್ ಹೇಳ್ಯಾರ. ಅಪ್ಪಗೂ ಗೊತ್ತೈತಿ."

ಅಪ್ಪ ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಿದ್ದ. ಅಜ್ಜಿ ಅವನ ಕಡೆ ತಿರುಗಿದಳು.

"ಬಸಣ್ಣಾ, ಖರೇನು?"

"ಹೌದವ್ವಾ."

"ಯಾವಾಗಿಂದ ಗೊತ್ತು ನಿನಗ?"

"ಲಿಂಗಸೂಗೂರಿಗಿ ಹೋದಾಗಿಂದ."

"ಅವತ್ತಿಂದ ನಾ ಕುಡಿಯೋದು ನೋಡಿಕೋತ ಕುಂತೀರಿ?"

ಅವಳ ಮನಸ್ಸು ನೋಯಬಾರದೆಂದು ಅವಳ ಹೊಟ್ಟೆಗೆ ಏನು ಹೋದರೂ ಬಿಟ್ಟಿದ್ದೆವು. ಅಜ್ಜಿ ಎಣ್ಣೆಯ ಕೈಗಳನ್ನು ಮುಂದೆ ಹಿಡಿದುಕೊಂಡೇ ಬಾಗಿಲಿಗೆ ಹೋದಳು.

"ತಮ್ಮಾ, ನನ್ನ ಕೈಲೆ ಆಗಂಗಿಲ್ಲ. ಹೋಗು."

ಅವನು ಬೇಡಿಕೊಂಡ, ಆಮೇಲೆ ಗೊಣಗಿದ, ಆಮೇಲೆ ಕೋಲಿನ ಸದ್ದು ಓಣಿಯ ತುದಿಯ ಕಡೆ ಹೋಯಿತು. ಆ ತುದಿಯಲ್ಲಿರುವುದು ಊರಬಾವಿ. ಅದಕ್ಕೂ ಪಾವಟಿಗೆ.

"ಅಪ್ಪಾ, ಅಂವ ಊರಬಾವಿಗಿ ಹೊಂಟಾನ. ಉರಿ ತಡಕೊಳ್ಳಾಕ ಆಗಂಗಿಲ್ಲ, ಕಾಲು ಇಟ್ಟ ಇಡ್ತಾನ. ಓಡು!" ಎಂದಳು ಅಕ್ಕ.

"ಹೋಗಿ ಏನಂತ ಹೇಳ್ಲಿ ಬೇ? ನಮ್ಮ ಬಾವ್ಯಾಗಿಂದ ಊರಿಗೆಲ್ಲ ನಾರು ಹಚ್ಚೀವಿ ಅಂತ ಹೇಳ್ಲೇನು?"

ಅಕ್ಕ ಅಪ್ಪನನ್ನು ನೋಡಿದ ರೀತಿ ನನಗೆ ಮರೆಯದು. ಗೋಡೆ ಹಿಡಿದು ಎದ್ದಳು. ಗೋಡೆ ಮುಗಿದಲ್ಲಿ ನನ್ನ ಭುಜ ಹಿಡಿದಳು. ಹೊಸಿಲು ದಾಟಿದಳು. ಮಡಚಿದ ಕಾಲಿನ ಬೆರಳಷ್ಟೇ ಊರಿ, ಒಂದೊಂದು ಹೆಜ್ಜೆಗೂ ಮೈಯನ್ನು ಎತ್ತಿ ಒಗೆಯುತ್ತ, ನಡು ಮಧ್ಯಾಹ್ನದ ಬಿಸಿಲಲ್ಲಿ ಓಣಿಯುದ್ದಕ್ಕೂ ನಡೆದಳು. ಬಾಗಿಲುಗಳಲ್ಲಿ ಜನ ಬಂದು ನಿಂತರು. ಅವಳು ಯಾರನ್ನೂ ನೋಡಲಿಲ್ಲ. 'ಅಣ್ಣಾ, ನಿಂದ್ರು' ಎಂದು ಕೂಗುತ್ತಿದ್ದಳು, ಉಸಿರು ಸಾಲದೆ ಕೂಗು ಬಾಯಿಯಿಂದಾಚೆ ಹೋಗುತ್ತಿರಲಿಲ್ಲ.

ನಾವು ಮುಟ್ಟುವಷ್ಟರಲ್ಲಿ ಅವನು ಕೆಳಗಿನ ಪಾವಟಿಗೆಯ ಮೇಲೆ ಕೂತು ಕಾಲನ್ನು ಮೀನಖಂಡದವರೆಗೆ ಇಳಿಬಿಟ್ಟಿದ್ದ. ಕಣ್ಣು ಮುಚ್ಚಿದ್ದ, ಮುಖದಲ್ಲಿ ಅಷ್ಟು ನೆಮ್ಮದಿಯಿತ್ತು. ಪಕ್ಕದಲ್ಲಿ ಓಣಿಯ ಹೆಂಗಸರು, ಪಾಪದ ಮನುಷ್ಯ ಎಂದು ಅವನಿಗೆ ಜಾಗ ಬಿಟ್ಟುಕೊಟ್ಟು ಕೊಡ ತುಂಬುತ್ತಿದ್ದರು. ನಮ್ಮ ಎದುರುಮನೆಯ ಈರಮ್ಮತ್ತಿ ತಲೆ ಎತ್ತಿ ಅಕ್ಕನನ್ನು ಕಂಡು ಕೊಡವನ್ನೇ ಬಿಟ್ಟಳು.

"ಅಯ್ಯ ಶಿವನ! ನೋಡ್ರೇ, ನೀಲಿ ನಡಕೋತ ಬಂದಾಳ!"

"ಅತ್ತಿ, ಆ ನೀರು ತುಂಬಬ್ಯಾಡ್ರಿ. ಅಣ್ಣಾ, ಕಾಲು ತಗಿ. ನಾರು ನೀರಾಗ ಮರಿ ಬಿಡ್ತೈತಿ, ಕುಡದವ್ರಿಗೆಲ್ಲ ಬರ್ತೈತಿ. ಕೇಳ್ರಿ ನನ್ನ ಮಾತು..."

ಯಾರು ಕೇಳುತ್ತಾರೆ? ಎಲ್ಲರೂ ಮೇಲೆ ಬಂದು ಅವಳನ್ನು ಸುತ್ತುವರಿದಿದ್ದರು. ಒಬ್ಬಳು ಗಲ್ಲ ಸವರಿ ನೆಟಿಗೆ ಮುರಿದಳು, ಒಬ್ಬಳು ಬಗ್ಗಿ ಮೊಣಕಾಲು ಮುಟ್ಟಿ ನೋಡಿದಳು. ಎಲ್ಲ ನಿಮ್ಮಜ್ಜಿಯ ಪುಣ್ಯ ಎಂದರು. ಈರಮ್ಮತ್ತಿಯ ಕಣ್ಣಲ್ಲಿ ಖರೆಯಾಗಿಯೂ ನೀರಿತ್ತು.

"ಎಷ್ಟು ದಣದೈತಿ ನೋಡ್ರೇ ಕೂಸು, ಮಾತಾಡಾಕೂ ಆಗವಲ್ದು. ಹಿಡಿ ಬೇ, ಮೊದ್ಲು ನೀರು ಕುಡಿ."

ಆಗಷ್ಟೇ ತುಂಬಿದ ಕೊಡ ಬಗ್ಗಿಸಿದಳು. ಅಕ್ಕನ ತುಟಿ ಒಣಗಿ ಬಿಳಿಚಿತ್ತು. ಅವಳ ಕೈ ತಾನಾಗಿಯೇ ಬೊಗಸೆಯಾಯಿತು, ನೀರು ತುಂಬಿತು, ಬಾಯಿಯ ಹತ್ತಿರವೂ ಬಂತು. ಎಲ್ಲರೂ ನಗುತ್ತ ಅವಳು ಕುಡಿಯುವುದನ್ನೇ ಕಾಯುತ್ತಿದ್ದರು. ಅಕ್ಕ ಬೆರಳು ಬಿಡಿಸಿದಳು. ನೀರು ಅವಳ ಕಾಲ ಮೇಲೆ, ಕಲ್ಲಿನ ಮೇಲೆ ಬಿದ್ದು ಹರಿಯಿತು.

ನಗು ನಿಂತಿತು.

"ಯಾಕ ಬೇ," ಎಂದಳು ಈರಮ್ಮತ್ತಿ, ದನಿ ಬೇರೆಯಾಗಿ. "ನಮ್ಮ ಕೈಯಾಗಿನ ನೀರು ನಿನಗ ಆಗಂಗಿಲ್ಲೇನು?"

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಹೆಂಗಸರು ಒಬ್ಬೊಬ್ಬರೇ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, ನಮ್ಮ ಮೈ ತಾಗದಂತೆ ಸೆರಗು ಸರಿಪಡಿಸಿಕೊಳ್ಳುತ್ತ, ಮನೆಯ ಕಡೆ ಹೊರಟಿದ್ದರು. ಮಕ್ಕಳು ಬಾಯಾರಿ ಕಾಯುತ್ತಿದ್ದಾರೆ ಎಂದು ಯಾರೋ ಅಂದರು.